ಹೊಗೆಯ ಬಾಬತ್ತು

ಇಪ್ಪತ್ತೆರಡು ವರ್ಷದಿಂದ ದಾವಣಗೆರೆಯಲ್ಲಿ
ಬುಡೇನ್ ಸಾಬರ ಮಂಡಕ್ಕಿ ಭಟ್ಟಿಯ ಲೆಕ್ಕ ಬರೆಯುತ್ತೇನೆ.
ಅಕ್ಕಿ ಬಾಬತ್ತು, ಉಪ್ಪಿನ ಬಾಬತ್ತು, ಮರಳು, ಚೀಲ, ಸುತಲಿ,
ಜರಡಿ ಹಿಡಿಯುವ ಹೆಂಗಸರ ಬಟವಾಡೆ,
ಹಳೇ ಟೈರು, ಕಿಲೋ ಲೆಕ್ಕ.
ಲಾರಿಯದಕ್ಕೆ ಒಂದು ದರ, ಟ್ರ್ಯಾಕ್ಟರಿನದಕ್ಕೆ ಇನ್ನೊಂದು,
ಸೈಕಲ್ ಟೈರು ಕೊಸರು.

ಉರಿದು ಮೇಲೆ ಹೋದದ್ದನ್ನು ಮಾತ್ರ
ಯಾವ ಪುಟದಲ್ಲೂ ಬರೆದವನಲ್ಲ.
ಅದಕ್ಕೆ ರಸೀತಿ ಇಲ್ಲ.

ಕಪ್ಪು ಹೊಗೆಯ ಬುಡದಲ್ಲಿ ಅಷ್ಟು ಬೆಳ್ಳಗೆ
ಅರಳುವುದನ್ನು ನೋಡಬೇಕು ನೀವು,
ಕಾದ ಮರಳಿನೊಳಗೆ ಅಕ್ಕಿ ಒಂದು ನಿಟ್ಟುಸಿರು ಬಿಟ್ಟ ಹಾಗೆ.
ನಾಲ್ಕಕ್ಕೆ ಉರಿ ಹಚ್ಚಿದರೆ
ಎಂಟರ ಹೊತ್ತಿಗೆ ನನ್ನ ಮೂಗಿನಲ್ಲಿ ಕಾಡಿಗೆ.

ಹೋದ ಮಾಘದಲ್ಲಿ ದೊಡ್ಡ ಹೋಟೆಲಿನಲ್ಲಿ ಒಂದು ಸಭೆ:
ಕಾರ್ಖಾನೆ ಮತ್ತು ಪರಿಸರ.
ಕರೆ ಬಂದದ್ದು ಸಾಬರಿಗೆ, ಹೋದವನು ನಾನು.
ಗೋಡೆ ತುಂಬ ಹಸಿರು ಎಲೆಯ ಚಿತ್ರ, ಕಿವಿ ಮರಗಟ್ಟುವ ಏಸಿ.
ಟೈ ಕಟ್ಟಿದವರೊಬ್ಬರು ತಮ್ಮ ಕಂಪನಿ
ಹದಿನೈದು ವರ್ಷಕ್ಕೆ ಎಷ್ಟು ಶುದ್ಧವಾಗುವುದೆಂದು
ಗೆರೆ ಎಳೆದು ತೋರಿಸಿದರು.
ಈ ವರ್ಷದ್ದು ಯಾರೂ ಕೇಳಲಿಲ್ಲ.
ನಾನೂ ಕೇಳಲಿಲ್ಲ.

ಆಮೇಲೆ ತಟ್ಟೆ ಬಂತು.
ನರ್ಗಿಸ್ ಮಂಡಕ್ಕಿ, ಜೊತೆಗೊಂದು ಮಿರ್ಚಿ.
ಬಾಯಿಗಿಟ್ಟ ಕೂಡಲೇ ಗೊತ್ತಾಯಿತು, ನಮ್ಮದೇ ಮಾಲು,
ಎರಡನೇ ಒಲೆಯದು, ಉಪ್ಪು ಒಂದು ಚಿಟಿಕೆ ಮುಂದು.
ಟೈ ಕಟ್ಟಿದವರು ಎರಡು ಸಲ ಹಾಕಿಸಿಕೊಂಡರು.

ಅಂದು ರಾತ್ರಿ ಖಾತೆಯ ಕೊನೇ ಹಾಳೆಗೆ
ಹೊಸ ತಲೆಬರಹ ಕೊಟ್ಟೆ: ಹೊಗೆಯ ಬಾಬತ್ತು.
ಉರಿ ಹಾಕುವ ನನ್ನೇಸಾಬನ ಕೆಮ್ಮಿನ ಔಷಧಿ, ನೂರ ನಲವತ್ತು.
ಎದುರು ಮನೆಯ ಜೈಬುನ್ನಿಸಾ ಒಗೆದದ್ದನ್ನೇ ಒಗೆದ ಸೋಪು, ಹತ್ತು.
ಅದಕ್ಕೆ ನೀರು, ನಾಲ್ಕು ಕೊಡ.
ಅಂಗನವಾಡಿಯ ಕಿಟಕಿ, ವರ್ಷವಿಡೀ ಮುಚ್ಚಿದ್ದು,
ದರ ತಿಳಿಯದೆ ಖಾಲಿ ಬಿಟ್ಟೆ.
ಕೂಡಿಸುವಾಗ ಆ ಖಾಲಿಯ ಹತ್ತಿರ ಪೆನ್ನು ನಿಂತಿತು.

ಸಾಬರು ಕನ್ನಡಕ ಏರಿಸಿ ಓದಿದರು.
‘ಹಾಲೇಶಪ್ಪ, ಇದು ಜಮಾನೋ ಖರ್ಚೋ?’
‘ಸಾಲ’ ಅಂದೆ.
‘ನಾ ಯಾರತ್ರ ತಗಂಡೆ?’
ನನಗೆ ಉತ್ತರ ಬರಲಿಲ್ಲ. ಹೊರಗೆ
ನನ್ನೇಸಾಬ ಕೆಮ್ಮುತ್ತಿದ್ದ.

ಮೂರು ದಿನ ಮಾತಿಲ್ಲ. ನಾಲ್ಕನೇ ದಿನ
ಹರಿಹರದ ಕಡೆಯಿಂದ ಹೊಟ್ಟಿನ ಲಾರಿ ಬಂತು.

ಸುಲಭವಾಯಿತು ಅನ್ನಲಾರೆ.
ಹೊಟ್ಟಿನ ಉರಿ ಹೊಸ ಅಳಿಯನ ಹಾಗೆ,
ಊದಿದರೂ ಮುನಿಸು, ಬಿಟ್ಟರೂ ಮುನಿಸು.
ಮೊದಲ ದಿನದ ಆರು ಚೀಲ ಅರಳದೆ ಎಮ್ಮೆಗೆ ಹೋಯಿತು.
ಗಾರೆ ಕೆಲಸದ ಗಿಡ್ಡಪ್ಪ ಒಲೆಯ ಬಾಯಿ ಒಡೆದು
ಮತ್ತೆ ಕಟ್ಟಿದ, ಮತ್ತೆ ಒಡೆದ.
ಚೀಲಕ್ಕೆ ಎಂಟು ರೂಪಾಯಿ ಏರಿತು,
ಇಬ್ಬರು ವ್ಯಾಪಾರಿಗಳು ಹಿಂದಿನ ಓಣಿಗೆ ನಡೆದರು.
ಅಲ್ಲಿ ಇನ್ನೂ ಟೈರೇ.
ಗಾಳಿಗೆ ಓಣಿಯ ಗುರುತು ಹತ್ತುವುದಿಲ್ಲ.

ಆದರೂ ಒಂದು ಬೆಳಗ್ಗೆ, ಉರಿ ಹದಕ್ಕೆ ಬಂದಾಗ,
ಅಕ್ಕಿ ಕಳಚಿಟ್ಟ ಅಂಗಿಯೇ ಅಕ್ಕಿಯನ್ನು ಹುರಿಯುತ್ತಿರುವುದ ಕಂಡು
ಲೆಕ್ಕದವನಾದ ನನಗೆ
ಯಾವುದೋ ಮೊತ್ತ ತಾನಾಗಿ ಸರಿಹೊಂದಿದಂತಾಯಿತು.

ಈಗ ಸಂಜೆ ಸಾಬರು ಹಿಂದಿನ ಓಣಿಗೆ ಚಹಾಕ್ಕೆ ಹೋಗುತ್ತಾರೆ,
ನಾಲ್ಕು ಭಟ್ಟಿಯವರು ಕೂಡಿ ಹೊಟ್ಟು ತರಿಸಿದರೆ
ಲಾರಿ ಬಾಡಿಗೆ ಎಷ್ಟು ಉಳಿದೀತೆಂದು
ನಾನು ಬರೆದುಕೊಟ್ಟ ಚೀಟಿ ಜೇಬಿನಲ್ಲಿ.
ಇನ್ನೂ ಯಾರೂ ಹೂಂ ಅಂದಿಲ್ಲ. ಚಹಾ ಮಾತ್ರ ಕೊಡುತ್ತಾರೆ.

ಇವತ್ತು ಜೈಬುನ್ನಿಸಾಳ ಹಗ್ಗದ ಮೇಲೆ ಬಿಳೀ ಚಾದರ.
ಅವಳು ಒಳಗಿದ್ದಾಗ ಹಗ್ಗಕ್ಕೆ ಬೆರಳು ಸವರಿ ನೋಡಿದೆ.
ಕಪ್ಪಲ್ಲ, ಬೂದಿ ಬಣ್ಣದ ಒಂದು ಗೆರೆ.
ಬಂದು ಬರೆದೆ:
ಬಾಕಿ, ಮುಂದಿನ ಪುಟಕ್ಕೆ.